ಚಕ್ರಕ್ಕನ ನಾಟಿ ತೋಪು

ಫೋಟೊ ತೆಗೆಯುವವನು "ಒಂದು ಹೆಜ್ಜೆ ಹಿಂದೆ ಹೋಗಿ ಮೇಡಂ" ಎಂದದ್ದು ಒಂದೇ ಹೆಜ್ಜೆಗೆ. ಆದರೆ ಚಕ್ರಕ್ಕ ಯಾವುದನ್ನೂ ಒಂದಕ್ಕೇ ನಿಲ್ಲಿಸಿದವರಲ್ಲ. ಇನ್ನೂ ಒಂದೆರಡು ಹೋದರು, ಕೊನೆಯ ಹೆಜ್ಜೆಗೆ ನೆಲವೇ ಇರಲಿಲ್ಲ. ಸಾಹೇಬರು ಗಿಡ ನೆಡಲೆಂದು ತೋಡಿಸಿದ್ದ ಗುಂಡಿಯಲ್ಲಿ ಮಡಚಿಟ್ಟ ಕುರ್ಚಿಯ ಹಾಗೆ ಕೂತುಬಿಟ್ಟರು. ಕ್ಯಾಮೆರಾ ಕಡೆಗೇ ಹಲ್ಲುಬಿಟ್ಟುಕೊಂಡಿದ್ದ ಸಾಹೇಬರು ಗುಂಡಿಯಲ್ಲಿ ಇರುವುದು ಗಿಡವೋ ಮನುಷ್ಯರೋ ಎಂದು ನೋಡದೆ ಕೈಯಲ್ಲಿದ್ದ ಕೊಡ ಬಗ್ಗಿಸಿದರು. ಹಸಿರು ಟೀ ಶರ್ಟು ತೊಟ್ಟು ನಿಂತಿದ್ದ ಇಡೀ ಕಚೇರಿ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿತು.

"ಅಕ್ಕ ನಾಟಿಯಾದ್ರು!" ಎಂದು ಹಿಂದಿನಿಂದ ಯಾರೋ ಕೂಗಿದರು.

ಚಕ್ರಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಇದೆ. ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಓಡಾಡುವುದರಿಂದ ಮಿಕ್ಕವರಿಗೆಲ್ಲ ಅವರು ಚಕ್ರಕ್ಕ. ಅವರು ಕೆಲಸಕ್ಕಿರುವುದು ಬಾಟಲಿ ಮುಚ್ಚಳ ತಯಾರಿಸುವ ಕಂಪನಿಯಲ್ಲಿ. ಮುಚ್ಚಳದ ಕಂಪನಿಯಾದ್ದರಿಂದ ಅಲ್ಲಿ ಏನನ್ನಾದರೂ ಮುಚ್ಚಿಹಾಕುವುದು ಸಲೀಸು. ಸಿಬ್ಬಂದಿಯ ರಜೆ, ಸಂಬಳ, ಜಗಳ ನೋಡಿಕೊಳ್ಳುವ ಅವರ ತಲೆಗೆ ಗಿಡ ನೆಡುವ ಸ್ವಯಂಸೇವೆಯನ್ನೂ ಕಟ್ಟಿದ್ದರು. ಕಾರ್ಖಾನೆಯ ಹಿಂದೆ ಒಂದು ಖಾಲಿ ಇಳಿಜಾರು. ವರ್ಷಕ್ಕೊಮ್ಮೆ ಎಲ್ಲರೂ ಅಲ್ಲಿಗೆ ಹೋಗಿ, ಗಿಡ ನೆಟ್ಟು, ಬಿಸ್ಕತ್ತು ತಿಂದು, ಫೋಟೊ ತೆಗೆಸಿಕೊಂಡು ಬರುವುದು. ಬೇಸಿಗೆಯಲ್ಲಿ ಗಿಡ ಒಣಗುವುದು. ಮುಂದಿನ ವರ್ಷ ಅದೇ ಗುಂಡಿಗೆ ಹೊಸ ಗಿಡ. ಹೋದ ವರ್ಷದ್ದು ಒಂದೆರಡು ಅಪ್ಪಿತಪ್ಪಿ ಬದುಕಿದ್ದರೆ ಈ ವರ್ಷದ ಬೂಟುಗಳು ಅವನ್ನು ತುಳಿದು ಮುಗಿಸುತ್ತಿದ್ದವು.

ಈ ಸಲ ಹಾಗಾಗುವಂತಿರಲಿಲ್ಲ. ಶಾಖೆಯ ಮುಖ್ಯಸ್ಥರು ಖಡಾಖಂಡಿತವಾಗಿ ಹೇಳಿದ್ದರು. ಅವರಿಗೆ ಆಗಲಿ ಸಾಹೇಬರೆಂದೇ ಹೆಸರು. ಏನು ಕೇಳಿದರೂ "ಆಗಲಿ" ಎನ್ನುವರು, ಅಲ್ಲಿಗೆ ಆ ಕೆಲಸ ನಮ್ಮನ್ನು ಅಗಲಿತೆಂದೇ ಅರ್ಥ.

"ನೋಡೀಮ್ಮಾ, ಮುಂದಿನ ವರ್ಷ ಹೆಡ್ಡಾಫೀಸಿಂದ ದೊಡ್ಡ ಮೇಡಂ ಬರ್ತಾರೆ. ಅಷ್ಟರಲ್ಲಿ ಅಲ್ಲಿ ಮರ ನಿಂತ್ರೆ ಸರಿ. ಇಲ್ಲಾಂದ್ರೆ ಕಾರು ನಿಲ್ಲುತ್ತೆ. ಪಾರ್ಕಿಂಗಿಗೆ ಪ್ಲಾನು ಆಗ್ಲೇ ರೆಡಿ ಇದೆ."

"ಈ ಸಲ ಇಲ್ಲಿನದೇ ತಳಿ ಹಾಕೋಣ ಸರ್. ಹೊಂಗೆ, ನೇರಳೆ, ಅತ್ತಿ. ಈ ಮಣ್ಣು ಅವಕ್ಕೆ ಗೊತ್ತು."

"ಆಗಲಿ."

ಆ ಇಳಿಜಾರು ಕಾರುಗಳ ಪಾಲಾಗುತ್ತದೆಂದು ಕೇಳಿದಾಗಿನಿಂದ ಚಕ್ರಕ್ಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಅವರು ಹೋಗಿ ನಿಲ್ಲುತ್ತಿದ್ದ ಜಾಗ ಅದೊಂದೇ. ಅಲ್ಲಿ ಯಾರೂ ರಜೆ ಕೇಳುತ್ತಿರಲಿಲ್ಲ.

ಈಗ ಗುಂಡಿಯಲ್ಲಿ ಕೂತಿದ್ದ ಅವರ ಕಣ್ಣಿಗೆ ಸರಿಯಾಗಿ ಸಾಹೇಬರ ಗಿಡ ನಿಂತಿತ್ತು. ಕುಡುಗೋಲಿನ ಹಾಗೆ ಬಾಗಿದ ಉದ್ದನೆಯ ಎಲೆ. ಪಕ್ಕದ್ದನ್ನು ನೋಡಿದರು, ಅದೂ ಅದೇ. ಲಾರಿಯ ಕಡೆ ಕತ್ತು ಹೊರಳಿಸಿದರು, ಲಾರಿ ತುಂಬ ಕುಡುಗೋಲು. ಹೊಂಗೆಯೂ ಇಲ್ಲ, ನೇರಳೆಯೂ ಇಲ್ಲ. ಹೊರದೇಶದಿಂದ ಬಂದು ನೆಲವೆಲ್ಲ ತನ್ನದೇ ಎನ್ನುವ ಅಕೇಶಿಯಾ. ಅವರ ತಲೆಯ ಮೇಲೆಯೇ ಬ್ಯಾನರು ಪಟಪಟಿಸುತ್ತಿತ್ತು: "ನಮ್ಮ ನೆಲ, ನಮ್ಮ ತಳಿ."

ಗುಂಡಿಯಿಂದ ಎದ್ದವರೇ ಸೀರೆಯ ಕೆಸರನ್ನೂ ಕೊಡವದೆ ನರ್ಸರಿಯವನಿಗೆ ಫೋನು ಹಚ್ಚಿದರು.

"ನಾಟಿ ಗಿಡ ಕಳಿಸಿ ಅಂದಿದ್ನಲ್ಲಪ್ಪಾ!"

"ನಾಟಿ ಗಿಡಾನೇ ಕಳಿಸಿದ್ದು ಅಕ್ಕಾ. ಎಲ್ಲಾ ನಾಟಿಗೆ ಬಂದಿರೋವೇ. ಒಂದಾದ್ರೂ ಎಳೇದು ಇದೆಯಾ ಹೇಳಿ."

"ಅಯ್ಯೋ, ನಾಟಿ ಅಂದ್ರೆ ನಾಟಿ ತಳಿ ಕಣಪ್ಪಾ! ನಾಟಿ ಕೋಳಿ ಅನ್ನಲ್ವಾ, ಹಾಗೆ!"

ಆ ಕಡೆ ರಸೀದಿ ಪುಸ್ತಕ ತಿರುವಿದ ಸದ್ದಾಯಿತು.

"ಹಾಗಾದ್ರೆ ತಪ್ಪು ನಿಮ್ದೂ ಅಲ್ಲ, ನಂದೂ ಅಲ್ಲಕ್ಕಾ. ಕನ್ನಡದ್ದು."

ಕಾನ್ವೆಂಟಿನ ಸಿಸ್ಟರುಗಳು ತುಂಟ ಹುಡುಗಿಯರಿಗೆ ಇಂಗ್ಲಿಷಿನಲ್ಲಿ ಕೊಡುತ್ತಿದ್ದ ಬಿರುದೂ ನಾಟಿಯೇ. ಆ ಒಂದು ಅರ್ಥ ಬಾಕಿ ಇತ್ತು, ಅದನ್ನು ಚಕ್ರಕ್ಕ ಅಲ್ಲೇ ನಿಂತು ಪೂರೈಸಿದರು. ಯಾರಿಗೂ ಏನೂ ಹೇಳಲಿಲ್ಲ. ಎಲ್ಲರೂ ಅಕೇಶಿಯಾ ನೆಟ್ಟರು, ಒಂದೊಂದಕ್ಕೂ ನೆಟ್ಟವರ ಹೆಸರಿನ ಪಟ್ಟಿ ಕಟ್ಟಿದರು, ಬಿಸ್ಕತ್ತು ತಿಂದರು, ಬಸ್ಸು ಹತ್ತಿದರು. ತೋಪಾಗಬೇಕಿದ್ದದ್ದು ಹೀಗೆ ಮೊದಲ ದಿನವೇ ತೋಪೆದ್ದು ಹೋಗಿತ್ತು.

ನರ್ಸರಿಯವನು ಒಳ್ಳೆಯವನು. ಅಕೇಶಿಯಾ ಆಮೇಲೆ ಒಂದೊಂದಾಗಿ ವಾಪಸು ತಂದುಕೊಟ್ಟರೆ ಸಾಕು, ಅಷ್ಟೇ ನಾಟಿ ತಳಿ ಈಗಲೇ ಕೊಡುತ್ತೇನೆಂದ. ಆದರೆ ಅವೆಲ್ಲ ಅಂಗೈಯುದ್ದದ ಎಳೆಯವು, ಕೆಲವು ದಿನ ಮನೆಯಲ್ಲಿ ಸಾಕಿಕೊಳ್ಳಬೇಕು. ಹೀಗಾಗಿ ಚಕ್ರಕ್ಕನ ಮನೆಯ ಬಾಲ್ಕನಿ, ಅಡುಗೆಮನೆಯ ಕಿಟಕಿ, ಕೊನೆಗೆ ಬಚ್ಚಲುಮನೆಯೂ ಕಾಡಾಯಿತು.

"ಲೇ, ನಾನು ಸ್ನಾನ ಮಾಡೋದು ಎಲ್ಲಿ?" ಎಂದರು ಗಂಡ, ಟವೆಲು ಹೆಗಲಿಗೆ ಹಾಕಿಕೊಂಡು.

"ಅವುಗಳ ಪಕ್ಕದಲ್ಲೇ ನಿಂತ್ಕೊಳ್ರೀ. ಸೋಪು ಮಾತ್ರ ಹಚ್ಚಬೇಡಿ, ಎಲೆಗೆ ಆಗಲ್ಲ."

"ನನಗೆ ಆಗುತ್ತಾ?"

"ನೀವು ಗಟ್ಟಿ ತಳಿ."

ಅತ್ತೆ ಒಳಗಿನಿಂದಲೇ ಕೂಗಿದರು. "ಮಗನೇ, ನೀನೂ ಒಂದು ಕುಂಡದಲ್ಲಿ ನಿಂತ್ಕೋ. ನಿನಗೂ ದಿನಾ ಎರಡು ಹೊತ್ತು ನೀರು ಸಿಗುತ್ತೆ."

ದಿನಾ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಚಕ್ರಕ್ಕ ಇಳಿಜಾರಿನಲ್ಲಿರುತ್ತಿದ್ದರು. ಒಂದು ಅಕೇಶಿಯಾ ಕಿತ್ತು, ಅದರ ಜಾಗದಲ್ಲಿ ಒಂದು ಹೊಂಗೆಯನ್ನೋ ನೇರಳೆಯನ್ನೋ ಇಟ್ಟು, ಹೆಸರಿನ ಪಟ್ಟಿ ಬಿಚ್ಚಿ ಇದಕ್ಕೆ ಕಟ್ಟುವುದು. ಮಳೆ ಬಂದರೆ ಗಿಡ ಕೊಚ್ಚಿಹೋದೀತೆಂಬ ದಿಗಿಲು, ಬಾರದಿದ್ದರೆ ಒಣಗೀತೆಂಬ ದಿಗಿಲು, ಎರಡೂ ಇಲ್ಲದಿದ್ದರೆ ಮೇಕೆ ಮೇದೀತೆಂಬ ದಿಗಿಲು. ಮೀಟಿಂಗಿನಲ್ಲಿ ಮೇಜಿನ ಕೆಳಗೆ ಅವರ ಕಾಲು ಹೊಲಿಗೆ ಮಿಷನ್ನು ತುಳಿಯುತ್ತಿತ್ತು. ಹಲ್ಲಿನ ಡಾಕ್ಟರು ಬಾಯಿಗೆ ಕೊರೆಯುವ ಯಂತ್ರ ಇಟ್ಟಿದ್ದಾಗ ಗಡಿಯಾರ ತೋರಿಸಿ ಬಿಡಿಸಿಕೊಂಡು, ಅರ್ಧ ಮರಗಟ್ಟಿದ ನಾಲಿಗೆಯಲ್ಲೇ ಕಾರ್ಖಾನೆಯ ಕಾವಲುಗಾರನಿಗೆ ಫೋನು ಮಾಡಿದರು.

"ಮೇಖೆ ಭಂತಾ?"

"ಯಾರು ಬಂದ್ರಾ ಅಂತ ಕೇಳ್ತಿದ್ದೀರಮ್ಮಾ?"

"ಮೇಖೆ! ಮೇಖೆ!"

"ಅಂಥ ಸಾಹೇಬ್ರು ಯಾರೂ ಬಂದಿಲ್ಲಮ್ಮಾ."

ಸಿಕ್ಕಿಬೀಳುವ ಗಳಿಗೆಯೂ ಒಂದು ಬಂತು. ಹಣಕಾಸಿನ ಮ್ಯಾನೇಜರು ಮನೆಯವರಿಗೆ ತಮ್ಮ ಗಿಡ ತೋರಿಸಲು ಭಾನುವಾರ ಬಂದವರು, ಸೋಮವಾರ ಚಕ್ರಕ್ಕನ ಮೇಜಿನ ಮುಂದೆ ನಿಂತರು.

"ನನ್ನ ಗಿಡದ ಎಲೆ ಉದ್ದಕ್ಕಿತ್ತು. ಈಗ ದುಂಡಗಿದೆಯಲ್ರೀ!"

ಚಕ್ರಕ್ಕನ ಬಾಯಿ ತನ್ನ ಪಾಡಿಗೆ ಓಡಿತು. "ಮಕ್ಕಳು ಬೆಳೀತಾ ಬೆಳೀತಾ ಮುಖ ಬದಲಾಗಲ್ವಾ ಸರ್?"

ಮ್ಯಾನೇಜರು ಯೋಚಿಸಿದರು. "ಹೌದು, ನಮ್ಮ ಚಿಕ್ಕವನೂ ಹುಟ್ಟಿದಾಗ ಅವರ ತಾತನ ಹಾಗಿದ್ದ" ಎಂದು ಹೊರಟುಹೋದರು. ಅವರು ಬಾಗಿಲು ದಾಟಿದ ಮೇಲೂ ಚಕ್ರಕ್ಕ ಎದ್ದು ಹೋಗಿ ಆಚೆ ಇಣುಕಿ ಬಂದರು. ಗುಟ್ಟು ರಟ್ಟಾಗಿದ್ದರೆ ಬೈಗುಳ ಅವರಿಗೆ, ಇಳಿಜಾರು ಕಾರುಗಳಿಗೆ.

ಕೊನೆಯ ಅಕೇಶಿಯಾ ಕಿತ್ತಾಗ ಮಳೆಗಾಲ ಶುರುವಾಗಿತ್ತು. ಆಮೇಲಿನ ಬೇಸಿಗೆಗೆ ಬಚ್ಚಲ ನೀರು, ಕ್ಯಾಂಟೀನಿನಲ್ಲಿ ಲೋಟ ತೊಳೆದ ನೀರು, ಎಲ್ಲ ಅಲ್ಲಿಗೇ ಹೋಯಿತು. ಕೆಲವು ಸತ್ತವು, ಮತ್ತೆ ಇಟ್ಟರು. ಉಳಿದವು ಸೊಂಟದ ಮಟ್ಟ ದಾಟಿ, ಇನ್ನು ನಮಗೆ ಯಾರ ಹಂಗೂ ಇಲ್ಲ ಎನ್ನುವ ಹಾಗೆ ನಿಂತವು.

ಹೇಳಿದಂತೆಯೇ ದೊಡ್ಡ ಮೇಡಂ ಬಂದರು. ಹಿಂದೆ ಆಗಲಿ ಸಾಹೇಬರು, ಅವರ ಕಂಕುಳಲ್ಲಿ ಪಾರ್ಕಿಂಗಿನ ಪ್ಲಾನು. ಮೇಡಂ ಇಳಿಜಾರಿನ ಉದ್ದಕ್ಕೂ ನಡೆದರು. ಚಕ್ರಕ್ಕ ಅವರ ಹಿಂದೆ, ಮುಂದೆ, ಪಕ್ಕದಲ್ಲಿ, ಎಲ್ಲ ಕಡೆಯೂ ನಡೆದರು. ಒಂದು ಅತ್ತಿ ಗಿಡದ ಹತ್ತಿರ ಮೇಡಂ ನಿಂತರು. ಕವಲಿನಲ್ಲಿ ಯಾವುದೋ ಪುಟ್ಟ ಹಕ್ಕಿ ಕಡ್ಡಿ ಜೋಡಿಸಿ ಅರ್ಧ ಗೂಡು ಕಟ್ಟಿತ್ತು.

"ಕಾರುಗಳಿಗೆ ಬೇರೆ ಜಾಗ ನೋಡಿ" ಎಂದರು ಮೇಡಂ. "ಇದನ್ನ ಮುಟ್ಟೋದು ಬೇಡ."

"ಆಗಲಿ ಮೇಡಂ" ಎಂದರು ಸಾಹೇಬರು. ಆ ಮಾತಿಗೆ ಅಂದು ಮೊದಲ ಸಲ ಅದರ ನಿಜವಾದ ಅರ್ಥ ಬಂತು.

ಚಕ್ರಕ್ಕ ಪಕ್ಕದ ಕಲ್ಲಿನ ಮೇಲೆ ಕೂತರು. ಬೀಳದೆ, ತಾವಾಗಿಯೇ ಕೂತರು.

ಮೇಡಂ ಉತ್ಸಾಹದಲ್ಲಿದ್ದರು. "ನಮ್ಮ ಸ್ವಯಂಸೇವಕರು ಮಾಡಿರೋದು ನೋಡಿ ಕಣ್ಣು ತುಂಬಿ ಬಂತು. ಮುಂದಿನ ತಿಂಗಳು ಎಲ್ಲಾ ಶಾಖೆಯವರನ್ನೂ ಇಲ್ಲಿಗೇ ಕರೆಸ್ತೀನಿ. ಒಂದೇ ದಿನ, ಇದೇ ಜಾಗದಲ್ಲಿ, ಸಾವಿರಾರು ಜನ! ಎಲ್ಲರ ಕೈಲೂ ಒಂದೊಂದು ಗುದ್ದಲಿ!"

ಚಕ್ರಕ್ಕ ಕಲ್ಲಿನಿಂದ ಎದ್ದುಬಿಟ್ಟರು. ಸಾವಿರಾರು ಜನ ಎಂದರೆ ಅದಕ್ಕೆ ಎರಡರಷ್ಟು ಬೂಟು.

"ನೀವೇ ಹೇಳಬೇಕು" ಎಂದು ಮೇಡಂ ಅವರ ಕೈ ಹಿಡಿದುಕೊಂಡರು. "ಆವತ್ತಿಗೆ ಅವರಿಗೆಲ್ಲ ನಾವು ಏನು ಕೊಟ್ರೆ ಒಳ್ಳೇದು? ಟೀ ಶರ್ಟಾ, ಟೋಪಿನಾ?"

"ರಜಾ ಕೊಟ್ಬಿಡಿ ಮೇಡಂ" ಎಂದರು ಚಕ್ರಕ್ಕ.