ಅವಳ ಪುಸ್ತಕದಲ್ಲಿ ನನ್ನ ಸಕ್ಕರೆ

ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ ಎಂದು ತಿಳಿದಾಗ ಶಹಾಪುರದ ಡಾಕ್ಟರು ಒಂದು ಸಣ್ಣ ಯಂತ್ರ ಕೊಳ್ಳಲು ಹೇಳಿದರು. ವಾರಕ್ಕೆ ಎರಡು ಸಲ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ, ಒಂದು ಹನಿ ರಕ್ತ ಹಚ್ಚಿ, ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ಮನೆಯಲ್ಲಿ ಹತ್ತನೆಯ ತರಗತಿವರೆಗೆ ಓದಿದವನು ನಾನೇ. ಆ ಕೆಲಸ ನನ್ನದಾಯಿತು.

ಸಗರ ಹಳ್ಳಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವಳು ಅವಳೇ. ಚುಚ್ಚಿದ ಬೆರಳನ್ನು ಬಿಸಿ ಎಸರು ಹಾಕಿದ ಜೋಳದ ಹಿಟ್ಟಿಗೆ ಇಟ್ಟಾಗ ಉರಿ ತಾಳದೆ ಹಲ್ಲು ಕಚ್ಚುತ್ತಿದ್ದಳು. ಮೂರನೆಯ ವಾರ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಇವತ್ತೊಂದಿನ ಬಿಡ್ರಿ, ಹಿಟ್ಟು ನಾದೂದದ" ಎಂದಳು. ಬಿಟ್ಟೆ. ಆದರೆ ಖಾಲಿ ಸಾಲನ್ನು ಡಾಕ್ಟರಿಗೆ ಹೇಗೆ ತೋರಿಸುವುದು? ನನ್ನ ಬೆರಳನ್ನೇ ಚುಚ್ಚಿಕೊಂಡು ಬಂದ ಅಂಕಿ ಬರೆದೆ. ಆಮೇಲೆ ಅದೇ ರೂಢಿಯಾಯಿತು. ಅವಳಿಗೆ, "ಇನ್ನ ಚುಚ್ಚೂದು ಬ್ಯಾಡಂತ ಡಾಕ್ಟರ್ ಅಂದಾರ" ಎಂದು ಸುಳ್ಳು ಹೇಳಿದೆ. ಪುಸ್ತಕ ಹಿಡಿದು ಶಹಾಪುರಕ್ಕೆ ನಾನೊಬ್ಬನೇ ಹೋಗುತ್ತಿದ್ದೆ. "ಭೇಷ್, ಇದೇ ಗುಳಿಗಿ ನಡೀಲಿ" ಎನ್ನುತ್ತಿದ್ದರು ಡಾಕ್ಟರು. ಆ ಹೊಗಳಿಕೆ ಕೇಳಿ ನನಗೆ ಖುಷಿಯಾಗುತ್ತಿತ್ತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಆರು ತಿಂಗಳ ಹೊತ್ತಿಗೆ, ಹೊಲದಲ್ಲಿ ಕೊಯ್ದ ತೊಗರಿಯ ಚೂಪು ಕೂಳೆ ತಗುಲಿ ಅವಳ ಕಾಲಿನ ಕಿರುಬೆರಳಿಗೆ ಗಾಯವಾಯಿತು. ಮಾಯಲಿಲ್ಲ. ಬೆರಳು ಕಪ್ಪಾಗತೊಡಗಿದಾಗ ಹೆದರಿ ಅವಳನ್ನೇ ಕರೆದುಕೊಂಡು ಹೋದೆ.

ಆ ದಿನ ದವಾಖಾನೆಯ ಪಡಸಾಲೆಯಲ್ಲಿ ಕಾಲೇಜೊಂದರಿಂದ ಬಂದ ನಮ್ಮ ಕಡೆಯ ಹುಡುಗಿಯೊಬ್ಬಳು ಹೊಸ ಯಂತ್ರ ಇಟ್ಟುಕೊಂಡು ಕುಳಿತಿದ್ದಳು. ಬೆಳಕಿನಿಂದ ಸಕ್ಕರೆ ಅಳೆಯುವ ಯಂತ್ರ, ಇನ್ನೂ ಪರೀಕ್ಷೆ ನಡೆಯುತ್ತಿದೆ ಎಂದಳು. ಒಣಹಾಕಿದ ಬಟ್ಟೆಗೆ ಹಚ್ಚುವ ಕ್ಲಿಪ್ಪಿನಂಥದ್ದನ್ನು ನನ್ನವಳ ಕೈಬೆರಳಿಗೆ ಸಿಕ್ಕಿಸಿದಳು.

"ಸೂಜಿ ಎಲ್ಲದ ಯವ್ವಾ?" ಎಂದಳು ನನ್ನವಳು.

"ಸೂಜಿ ಇಲ್ರಿ ಅಮ್ಮಾ. ಬೆಳಕು ಒಳಗ ಹೊಂಟದ."

"ಏನೂ ಕಾಣವಲ್ದಲ್ಲ!"

"ಕಣ್ಣಿಗಿ ಕಾಣೂ ಬೆಳಕಲ್ರಿ ಅದು. ಚರ್ಮ ದಾಟಿ ರಕ್ತದ ತನಕ ಹೋಗ್ತದ. ಅಲ್ಲಿ ಸಕ್ಕರಿ ಒಂದೀಟು ಬೆಳಕು ನುಂಗ್ತದ. ಉಳಿದದ್ದು ಹೊರಗ ಬರ್ತದಲ್ಲ, ಅದನ್ನ ನೋಡಿ ಸಕ್ಕರಿ ಎಷ್ಟದ ಅಂತ ಅಂದಾಜು ಮಾಡ್ತದ."

ನಾನು ಆ ಬೆರಳನ್ನೇ ನೋಡುತ್ತಿದ್ದೆ. ನಲವತ್ತು ವರ್ಷ ಹಿಟ್ಟು, ಬೂದಿ, ಹತ್ತಿ ಹಿಡಿದು ದಪ್ಪಗಟ್ಟಿದ ಚರ್ಮ. ಅದನ್ನು ಗೀರದೆ, ನೋಯಿಸದೆ, ಕಾಣದ ಬೆಳಕೊಂದು ಒಳಗೆ ಹೋಗಿ ಸುದ್ದಿ ತರುತ್ತಿತ್ತು. ಅಷ್ಟೇ ವರ್ಷ ಅವಳ ಜೊತೆ ಬಾಳಿದ ನಾನು ಆ ಸುದ್ದಿಯನ್ನು ಕೇಳಲೇ ಇಲ್ಲ. ಮೈ ಜುಮ್ಮೆಂದಿತು. ದೇವರ ಗುಡಿಯಲ್ಲೂ ನನಗೆ ಹಾಗಾಗಿರಲಿಲ್ಲ.

ಅಂಕಿ ಮುನ್ನೂರರ ಹತ್ತಿರ ಬಂತು. "ಇದೊಂದನ್ನೇ ನಂಬಬಾರ್ದು, ತಾಳೆ ನೋಡ್ತೀನಿ" ಎಂದು ಹುಡುಗಿ ಸೂಜಿಯಿಂದ ಬೆರಳು ಚುಚ್ಚಿದಳು. ಯಂತ್ರವೇ ತಪ್ಪಿರಲಿ ದೇವರೇ ಎಂದುಕೊಂಡೆ. ರಕ್ತದ ಹನಿಯೂ ಹೆಚ್ಚುಕಡಿಮೆ ಅದನ್ನೇ ಹೇಳಿತು.

ಡಾಕ್ಟರು ಪುಸ್ತಕ ತೆರೆದರು. "ಇದ್ರಾಗ ಎಲ್ಲಾ ಸರಿ ಅದಲ್ರೀ. ಇದು ಯಾರ ಸಕ್ಕರಿ?"

"ನಂದ್ರಿ" ಎಂದೆ. ನಡೆದದ್ದನ್ನೆಲ್ಲ ಅವಳೆದುರಿಗೇ ಹೇಳಿದೆ.

ಅವಳು ನನ್ನ ಕಡೆ ತಿರುಗಿದಳು. "ಹಂಗಾದ್ರ ನನ್ನ ಗುಳಿಗಿನೂ ನೀವೇ ನುಂಗಬೇಕಿತ್ತು ನೋಡ್ರಿ" ಎಂದಳು.

ಅಂದಿನಿಂದಲೇ ಇನ್ಸುಲಿನ್ ಶುರುವಾಯಿತು. ಕಿರುಬೆರಳು ತೆಗೆಯಬೇಕಾಯಿತು, ಪಾದ ಉಳಿಯಿತು. ಮನೆಗೆ ಬಂದ ಮೇಲೆ ಪಟ್ಟಿ ಕಟ್ಟುವ ಕೆಲಸ ನಾನೇ ಕೇಳಿಕೊಂಡೆ. ಮೊದಲ ದಿನ ಬಿಗಿಯಾಗಿ ಕಟ್ಟಿಬಿಟ್ಟೆ.

"ಸಡ್ಲ ಮಾಡ್ರಿ" ಎಂದಳು. "ಕಾಲು ನಂದದ, ನಿಮ್ದಲ್ಲ."