ನಾಲ್ಕಕ್ಕೇ ನಿಲ್ಲಿಸುತ್ತಿದ್ದ ಮಾವಶಿ

ಭೋಜ ಊರಿನ ನಮ್ಮ ಮಾವಶಿ, ಅಂದರೆ ಅವ್ವನ ತಂಗಿ, ಪಂಚಶೀಲ ಹೇಳುವಾಗ ನಾಲ್ಕಕ್ಕೇ ಬಾಯಿ ಮುಚ್ಚಿಬಿಡುತ್ತಿದ್ದಳು. ಹುಣ್ಣಿಮೆಯ ವಂದನೆಗೆ ಬಿಳಿ ಸೀರೆಯುಟ್ಟು ವಿಹಾರದ ಮುಂದಿನ ಸಾಲಿನಲ್ಲೇ ಕೂಡುವವಳು. ಕೊಲ್ಲೆನು, ಕದಿಯೆನು, ದಾರಿ ತಪ್ಪೆನು, ಸುಳ್ಳಾಡೆನು ಎನ್ನುವವರೆಗೆ ಅವಳದೇ ದೊಡ್ಡ ದನಿ. ನಶೆ ಮುಟ್ಟೆನು ಎಂಬ ಐದನೆಯದು ಬಂತೆಂದರೆ ಗಪ್‌ಚಿಪ್. ಮರೆತಳೇನೋ ಎಂದು ಯಾರಾದರೂ ನೆನಪಿಸಿದರೆ ಕಣ್ಣು ಕಿಸಿಯುತ್ತಿದ್ದಳು. ಅವಳು ಮರೆತಿರಲಿಲ್ಲ. ಅದು ಶ್ರೀಲಂಕಾದಿಂದ ತಂದ ರೂಢಿ.

ಮಾವಶಿ ಮಿಶ್ರಿ ಹಚ್ಚುವಾಕೆ. ನಿಪ್ಪಾಣಿ ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಎದ್ದ ಕೂಡಲೇ ಬೆರಳಿನಿಂದ ಹಲ್ಲಿಗೆ ತಿಕ್ಕದಿದ್ದರೆ ಅವಳಿಗೆ ಬೆಳಗೇ ಆಗದು. ಚಟ ಎಂದರೆ ಮೈಮೇಲೆ ಬರುತ್ತಿದ್ದಳು.

"ಹಲ್ಲ ತಿಕ್ಕೂದಕ್ಕ ಯಾರರ ಚಟ ಅಂತಾರೇನ್ಲೇ?"

ಶ್ರೀಲಂಕಾದ ಪುರಾತನ ಗುಹಾ ದೇವಾಲಯದಲ್ಲಿ ಮಲಗಿರುವ ಬುದ್ಧನನ್ನು ನೋಡಬೇಕೆಂಬುದು ಅವಳ ಬಹುಕಾಲದ ಆಸೆ. ನಾನೇ ಕರೆದೊಯ್ದೆ. ಗುಹೆಗೆ ಹೋದ ದಿನ ಸಂಜೆಯೇ ನಮ್ಮ ವಾಪಸಿನ ವಿಮಾನ. ಗುಹೆಯ ಬಾಗಿಲಲ್ಲಿ ಕಾವಲುಗಾರ ಅವಳ ಚೀಲದೊಳಗಿನ ಡಬ್ಬಿ ತೆರೆದ. ಕರಿ ಪುಡಿ! ಅಫೀಮೋ ಏನೋ ಎಂದು ಮೂಸಿದವನ ಮುಖ ಬಿಗಿಯಿತು. ನಮ್ಮ ಪಾಸ್‌ಪೋರ್ಟ್ ಕಸಿದುಕೊಂಡು, ಪಕ್ಕದ ಕೋಣೆಯಲ್ಲಿ ಕೂರಿಸಿ, ಪೊಲೀಸರಿಗೆ ಫೋನ್ ಹಚ್ಚಿದ. ತಂಬಾಕೆಂದು ನಾನು ಎಷ್ಟು ಬಡಕೊಂಡರೂ ನಂಬಲಿಲ್ಲ.

"ಇದನ್ಯಾಕ ತಂದಿ, ಮಾವಶಿ?"

"ಬುದ್ಧನ ಮುಂದ ಬಾಯಿ ತೊಳೀಲಾರದ ಹೆಂಗ ನಿಲ್ಲಲಿ? ನನ್ನ ಒಳಗ ಬಿಡ್ತಾರಿಲ್ಲೋ?"

ಗದ್ದಲ ಕೇಳಿ ಒಬ್ಬ ವೃದ್ಧ ಭಿಕ್ಷು ಬಂದರು. ಅವರ ಭಾಷೆ ಇವಳಿಗೆ ಬಾರದು. ತಾನು ಎಂಥವಳೆಂದು ತೋರಿಸಲು ಗೊತ್ತಿದ್ದ ಒಂದೇ ದಾರಿ ಹಿಡಿದು, ಕೈಮುಗಿದು ಪಾಲಿಯಲ್ಲಿ ಪಂಚಶೀಲ ಶುರುಮಾಡಿದಳು. ಭಿಕ್ಷುವೂ ದನಿಗೂಡಿಸಿದರು. ನಾಲ್ಕು ಮುಗಿದವು. ಅಷ್ಟರಲ್ಲಿ ಅವಳ ಕಣ್ಣು ಮೇಜಿನ ಮೇಲಿದ್ದ ಡಬ್ಬಿಯ ಮೇಲೆ ಬಿತ್ತು. ಮಾತು ನಿಂತಿತು. ಭಿಕ್ಷು ಕಾದರು. ಹೊರಗೆ ಪೊಲೀಸರ ಗಾಡಿ ಬಂದ ಸದ್ದು.

"ಹೇಳ ಮಾವಶಿ, ಲಗೂನ!"

"ಹೇಳಿದ್ರ ಸುಳ್ಳ ಆಗ್ತೈತಿ. ಇದೂ ನಶಾನ ಐತಲ್ಲೋ. ಹಂಗಂತ ಅವರಿಗೆ ಹೇಳು."

ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಭಿಕ್ಷು ಅವಳ ಮಾತು ನಂಬಿದರು. ಪೊಲೀಸರೊಡನೆ ಮಾತಾಡಿ ಪಾಸ್‌ಪೋರ್ಟ್ ಬಿಡಿಸಿಕೊಟ್ಟು, ತಾವೇ ಅವಳನ್ನು ಒಳಗೆ ಕರೆದೊಯ್ದರು. ಡಬ್ಬಿ ಅಲ್ಲೇ ಉಳಿಯಿತು. ಬುದ್ಧನ ಮುಂದೆ ಅವಳು ಏನೂ ಬೇಡಲಿಲ್ಲ, ಸುಮ್ಮನೆ ಅತ್ತಳು.

"ಇಷ್ಟ ವರ್ಷ ಇವಂಗ ಸುಳ್ಳ ಹೇಳೀನಲ್ಲೋ."

ಊರಿಗೆ ಬಂದು ಮಿಶ್ರಿ ಬಿಡಲು ಒದ್ದಾಡಿ ಸೋತಳು. ಅಂದಿನಿಂದ ಐದನೆಯದನ್ನು ಹೇಳುವುದು ಬಿಟ್ಟಳು.

ಕೊನೆಯ ಸಲ ಕಂಡದ್ದು ಚಿಕ್ಕೋಡಿಯ ಆಸ್ಪತ್ರೆಯಲ್ಲಿ. ಅಂದು ಹುಣ್ಣಿಮೆ. ಮಂಚದ ಪಕ್ಕ ನಾನು ಕೂತೆ, ಇಬ್ಬರೂ ನಾಲ್ಕು ಹೇಳಿದೆವು.

"ಈಗರ ಐದನೇದ ಹೇಳು, ಮಾವಶಿ. ಮಿಶ್ರಿ ಮುಟ್ಟಿ ವಾರ ಆತು."

"ಕೈ ಏಳವಲ್ದು, ಅದಕ್ಕ ಮುಟ್ಟಿಲ್ಲ. ಬಿಟ್ಟೀನಿ ಅಂತ ಹೆಂಗ ಹೇಳ್ಲೋ? ನೀ ಹೇಳು, ನಾ ಕೇಳ್ತೀನಿ."

ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು.

ಈಗಲೂ ಹುಣ್ಣಿಮೆಗೆ ವಿಹಾರಕ್ಕೆ ಹೋಗುತ್ತೇನೆ. ನಾಲ್ಕರವರೆಗೆ ಹೇಗೋ ತಡೆದುಕೊಳ್ಳುತ್ತೇನೆ, ಆಮೇಲೆ ಅಳು ಬರುತ್ತದೆ. ಐದನೆಯದನ್ನು ಈಗ ಎಲ್ಲರೂ ಹೇಳುತ್ತಾರೆ.