ಇಪ್ಪತ್ತೆಂಟರ ತಾತ

ಕಚೇರಿಯವರೆಲ್ಲ ಅವನನ್ನು ತಾತ ಎಂದೇ ಕರೆಯುತ್ತಾರೆ. ತಾತನಿಗೆ ಇನ್ನೂ ಇಪ್ಪತ್ತೆಂಟು. ಮೊದಲ ಸಂಬಳ ಬಂದ ದಿನ ಜೊತೆಯವರು ಸಿನಿಮಾಕ್ಕೆ ಓಡಿದರೆ, ಇವನು ಪಿಂಚಣಿ ಯೋಜನೆಗೆ ಸಹಿ ಹಾಕಿ ಬಂದ. ಚಪ್ಪಲಿ ಕೊಳ್ಳುವಾಗ ಬಣ್ಣ ನೋಡುವುದಿಲ್ಲ, ಎಪ್ಪತ್ತರಲ್ಲಿ ತನ್ನ ಮಂಡಿ ಏನಂದೀತು ಎಂದು ಯೋಚಿಸುತ್ತಾನೆ. ಬೀರು ಸರಿಸಲು ಕರೆದರೆ, “ಈ ಸೊಂಟ ಇನ್ನೂ ಐವತ್ತು ವರ್ಷ ಬಾಳಿಕೆ ಬರ್ಬೇಕಪ್ಪ” ಎಂದು ನಯವಾಗಿ ಜಾರಿಕೊಳ್ಳುತ್ತಾನೆ. ಹೊಸದಾಗಿ ಯಾರೇ ಕೆಲಸಕ್ಕೆ ಸೇರಲಿ, ಊಟದ ಬಿಡುವಿನಲ್ಲಿ ಹಿಡಿದು ಕೂರಿಸಿ ಕೇರಂ ಕಲಿಸುತ್ತಾನೆ. “ಮುಪ್ಪಲ್ಲಿ ಆಟಕ್ಕೆ ನಮ್ಮ ವಯಸ್ಸಿನವ್ರನ್ನೇ ನೆಚ್ಕೊಂಡ್ರೆ ಎಲ್ಲರ ಕಣ್ಣೂ ಒಟ್ಟಿಗೇ ಮಂಜಾಗತ್ತೆ. ಚಿಕ್ಕವ್ರನ್ನ ಈಗ್ಲೇ ಕೂಡಿಟ್ಕೋಬೇಕು!” ಎಂಬುದು ಅವನ ವಾದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಅವನೂ ನಗುತ್ತಾನೆ. ನಿವೃತ್ತರಾದ ಅವನ ಅಪ್ಪನಿಗೆ ಯಾವುದಕ್ಕೂ ಕೊರತೆಯಿರಲಿಲ್ಲ: ತಿಂಗಳು ತಿಂಗಳು ಪಿಂಚಣಿ, ಕಿಟಕಿಯ ಪಕ್ಕ ಆರಾಮ ಕುರ್ಚಿ. ಆದರೆ ಒಂದು ಮಧ್ಯಾಹ್ನ ಅವನು ಬೇಗ ಮನೆಗೆ ಹೋದಾಗ, ಅಪ್ಪ ಕೇರಂ ಹಲಗೆಯ ಈ ಬದಿಯಿಂದ ಒಮ್ಮೆ ಹೊಡೆದು, ಮಂಡಿ ಹಿಡಿದುಕೊಂಡು ಎದ್ದು, ಆ ಬದಿಗೆ ಹೋಗಿ ತಮಗೆ ತಾವೇ ಎದುರಾಳಿಯಾಗಿ ಹೊಡೆಯುತ್ತಿದ್ದರು. ಅದನ್ನು ಅವನು ಯಾರಿಗೂ ಹೇಳಿಲ್ಲ. ಶನಿವಾರ ಸಂಜೆ ಮಾತ್ರ, ಕೂಡಿಟ್ಟವರಲ್ಲಿ ಇಬ್ಬರನ್ನು ಮನೆಗೆ ಕರೆದೊಯ್ದು, “ಅಪ್ಪಾ, ಇವ್ರಿಗೆ ಆಟ ಸರಿಯಾಗಿ ಬರಲ್ಲ, ಸ್ವಲ್ಪ ಹೇಳ್ಕೊಡು” ಎಂದು ಟೀ ಕಾಯಿಸಲು ಒಳಗೆ ಹೋಗುತ್ತಾನೆ. ನೀರು ಕುದಿಯುವ ಮೊದಲೇ ಹೊರಗಿನಿಂದ ಅಪ್ಪನ ಗದರಿಕೆ ಕೇಳುತ್ತದೆ: “ಏಯ್, ಕೈ ತೆಗಿ! ನನ್ನ ಹತ್ರಾನೇ ಮೋಸಾನಾ?” ಅಡುಗೆಮನೆಯಲ್ಲಿ ಮಗ, ಟೀ ಇನ್ನಷ್ಟು ತಡವಾಗಲೆಂದು, ಒಲೆಯ ಉರಿ ಸಣ್ಣ ಮಾಡುತ್ತಾನೆ.